ಎತ್ತರಕ್ಕೆಂದು ಉಳಿಸಿಟ್ಟ ಕಸುವು

ಚೀತಾ ಹೆಲಿಕಾಪ್ಟರಿನ ಎಂಜಿನ್ನು 870 ಅಶ್ವಶಕ್ತಿ ಕೊಡಬಲ್ಲದು. ಆದರೆ 550ಕ್ಕಿಂತ ಹೆಚ್ಚು ತೆಗೆಯಕೂಡದೆಂದು ಅದನ್ನು ಕಟ್ಟಿದವರೇ ಗೆರೆ ಎಳೆದಿದ್ದಾರೆ. ಮೂರರಲ್ಲಿ ಒಂದು ಪಾಲಿಗೂ ಮಿಕ್ಕ ಕಸುವು ಯಂತ್ರದೊಳಗೇ ಉಳಿಯುತ್ತದೆ. ಎಂಜಿನಿಯರುಗಳು ಇದನ್ನು ಡಿರೇಟ್ ಮಾಡುವುದು ಎನ್ನುತ್ತಾರೆ. ಐವತ್ತು ವರ್ಷಗಳ ಹಿಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗತೊಡಗಿದ ಈ ಪುಟ್ಟ ಹೆಲಿಕಾಪ್ಟರು ಸಿಯಾಚಿನ್ ಹಿಮನದಿಯ ಮೇಲಿರುವ ನಮ್ಮ ಸೈನಿಕರಿಗೆ ಊಟದ ಸಾಮಾನು, ಸೀಮೆಎಣ್ಣೆ, ಮದ್ದು ಮುಟ್ಟಿಸುತ್ತ ಬಂದಿದೆ. ಹಿಮ ಕಡಿದು ಕೈಕಾಲು ಕಪ್ಪಾದವರನ್ನು ಕೆಳಗಿಳಿಸುತ್ತ ಬಂದಿದೆ. ಇಂಥ ಕೆಲಸಕ್ಕೆ ಹೋಗುವ ಯಂತ್ರದ ಕಸುವನ್ನು ಬೇಕೆಂದೇ ತಗ್ಗಿಸಿದ್ದೇಕೆ? ಉತ್ತರ ಹುಡುಕಿಕೊಂಡು ಹೊರಟರೆ ನೂರು ವರ್ಷ ಹಿಂದಕ್ಕೆ, ಇನ್ನೊಂದು ಯುದ್ಧಕ್ಕೆ, ಮ್ಯೂನಿಕ್ ಊರಿನ ಒಂದು ಕಾರ್ಖಾನೆಗೆ ಹೋಗಬೇಕಾಗುತ್ತದೆ.

ಅದಕ್ಕೂ ಮೊದಲು ಗಾಳಿಯ ವಿಚಾರ. ಕಾಸರಗೋಡಿನ ಕಡಲ ದಂಡೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚುಕಡಿಮೆ 1.2 ಕಿಲೋ ತೂಗುತ್ತದೆ. ನಮ್ಮ ಜಿಲ್ಲೆಯ ರಾಣಿಪುರಂ ಗುಡ್ಡ ಸುಮಾರು 1,000 ಮೀಟರ್ ಎತ್ತರದ್ದು. ಅದರ ನೆತ್ತಿಯ ಮೇಲೆ ಅಷ್ಟೇ ಜಾಗದ ಗಾಳಿಯಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿರುತ್ತದೆ. ಹತ್ತಿ ಹೋದವರಿಗೆ ಅದು ಗೊತ್ತೂ ಆಗುವುದಿಲ್ಲ. 4,000 ಮೀಟರಿಗೆ ಹೋದರೆ ಮೂರರಲ್ಲಿ ಎರಡು ಪಾಲು ಉಳಿದಿರುತ್ತದೆ. 6,000 ಮೀಟರಿನಲ್ಲಿ, ಅಂದರೆ ಸಿಯಾಚಿನ್ನಿನ ಮೇಲಿನ ಠಾಣೆಗಳ ಮಟ್ಟದಲ್ಲಿ, ಅರ್ಧಕ್ಕಿಂತ ತುಸು ಹೆಚ್ಚು. ವಿಮಾನ ಇಂಧನವನ್ನು ಜೊತೆಗೆ ಹೊತ್ತು ಹೋಗುತ್ತದೆ, ಆದರೆ ಅದನ್ನು ಉರಿಸುವ ಗಾಳಿಯನ್ನು ಇದ್ದಲ್ಲಿಂದಲೇ ಎಳೆದುಕೊಳ್ಳಬೇಕು. ಗಾಳಿ ತೆಳುವಾದಂತೆಲ್ಲ ಎಂಜಿನ್ನಿನ ಕಸುವು ಕುಗ್ಗುತ್ತದೆ. ಹೆಲಿಕಾಪ್ಟರಿನ ಪಾಡು ಇನ್ನೂ ಕಷ್ಟದ್ದು. ಮೇಲೆ ತಿರುಗುವ ಅಲಗುಗಳು ಕೆಳಕ್ಕೆ ತಳ್ಳಬೇಕಾದದ್ದೂ ಆ ತೆಳ್ಳಗಿನ ಗಾಳಿಯನ್ನೇ. ಎಂಜಿನ್ನು ಸೋಲುವ ಜಾಗದಲ್ಲೇ ಅಷ್ಟೇ ಭಾರ ಎತ್ತಲು ಮೊದಲಿಗಿಂತ ಹೆಚ್ಚು ಕಸುವು ಬೇಕಾಗುತ್ತದೆ.

ಮೊದಲ ಮಹಾಯುದ್ಧದ ವೈಮಾನಿಕರು ಈ ಪಾಠವನ್ನು ಜೀವ ತೆತ್ತು ಕಲಿತರು. 1916ರ ಹೊತ್ತಿಗೆ ಆಕಾಶದ ಕಾಳಗ ಮೇಲುಮೇಲಕ್ಕೆ ಏರತೊಡಗಿತ್ತು. ಎತ್ತರದಲ್ಲಿದ್ದವನು ಎರಗಬಹುದಿತ್ತು, ತಗ್ಗಿನಲ್ಲಿದ್ದವನು ಎರಗಿಸಿಕೊಳ್ಳಬೇಕಿತ್ತು. ಜರ್ಮನ್ನರ ಮರ್ಸಿಡಿಸ್ ಎಂಜಿನ್ನು ನೆಲದ ಮೇಲೆ 160 ಅಶ್ವಶಕ್ತಿಯದು ಎನಿಸಿಕೊಂಡಿದ್ದರೂ ನಾಲ್ಕೈದು ಸಾವಿರ ಮೀಟರ್ ಏರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ನೆಲದ ಅಳತೆ ನೆಲಕ್ಕೆ ಮಾತ್ರ ಸಲ್ಲುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು. ಮಾಡುವುದೇನು ಎಂಬುದು ಹೊಳೆದಿರಲಿಲ್ಲ.

ಮ್ಯಾಕ್ಸ್ ಫ್ರಿಟ್ಜ್ ಎಂಬ ಎಂಜಿನಿಯರ್ ಡೈಮ್ಲರ್ ಕಂಪನಿ ಬಿಟ್ಟು 1917ರ ಜನವರಿಯಲ್ಲಿ ಮ್ಯೂನಿಕ್‌ನ ರಾಪ್ ಕಾರ್ಖಾನೆಗೆ ಸೇರಿದ. ಆ ಕಾರ್ಖಾನೆಯ ಎಂಜಿನ್ನುಗಳು ವಿಪರೀತ ನಡುಗುತ್ತಿದ್ದವು, ಸೇನೆ ಅವುಗಳನ್ನು ಕೊಳ್ಳಲು ಹಿಂಜರಿಯುತ್ತಿತ್ತು. ಫ್ರಿಟ್ಜ್ ಹೊಸದೊಂದರ ನಕ್ಷೆ ಬರೆದ. ಆರು ಸಿಲಿಂಡರು, ಒಟ್ಟು 19 ಲೀಟರ್ ಹಿಡಿಯುವ ದೊಡ್ಡ ಎಂಜಿನ್ನು. ಗಾಳಿಯನ್ನೂ ಪೆಟ್ರೋಲನ್ನೂ ಅಂದಿನ ರೂಢಿಗಿಂತ ಬಿಗಿಯಾಗಿ, ಆರು ಪಟ್ಟಿಗೂ ಮೀರಿ ಒತ್ತುವಂಥದ್ದು. ಇಷ್ಟು ಬಿಗಿಯಾಗಿ ಒತ್ತಿದರೆ ಕಸುವು ಹೆಚ್ಚು ಬರುತ್ತದೆಂದು ಬೇರೆಯವರಿಗೂ ಗೊತ್ತಿತ್ತು. ಆದರೆ ನೆಲಮಟ್ಟದ ದಟ್ಟ ಗಾಳಿಯನ್ನು ಹಾಗೆ ಒತ್ತಿದರೆ ಅಂದಿನ ಪೆಟ್ರೋಲು ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುತ್ತಿತ್ತು, ಪಿಸ್ಟನ್ನು ತೂತಾಗುತ್ತಿತ್ತು. ಫ್ರಿಟ್ಜ್ ಕಂಡುಕೊಂಡ ದಾರಿ ಸರಳವಾಗಿತ್ತು. ಕೆಳಗಿರುವಾಗ ಎಂಜಿನ್ನಿಗೆ ಪೂರ್ತಿ ಗಾಳಿ ಕೊಡಲೇಬಾರದು. ಕಾರ್ಬುರೇಟರಿಗೆ ಎತ್ತರಕ್ಕೆಂದೇ ಇನ್ನೊಂದು ಕವಾಟ ಇಟ್ಟು, ಸುಮಾರು 2,000 ಮೀಟರ್ ಏರುವ ತನಕ ಅದನ್ನು ತೆರೆಯಬೇಡಿ ಎಂದು ವೈಮಾನಿಕರಿಗೆ ಹೇಳಬೇಕು. ಗಾಳಿ ತೆಳುವಾದ ಮೇಲೆ ತೆರೆದರೆ ಸಿಡಿತದ ಭಯವಿಲ್ಲ. ಬೇರೆ ಎಂಜಿನ್ನುಗಳು ಸೋಲತೊಡಗುವ ಮಟ್ಟದಲ್ಲಿ ಇದು ತನ್ನ ಉಳಿತಾಯದ ಗಂಟು ಬಿಚ್ಚುತ್ತದೆ.

ಸೇನೆಯವರು ನಕ್ಷೆ ನೋಡಿಯೇ 600 ಎಂಜಿನ್ನು ಬೇಕೆಂದರು. ಅದೇ ಬೇಸಿಗೆಯಲ್ಲಿ ಕಾರ್ಖಾನೆಯ ಹೆಸರು ಬದಲಾಗಿ ಬಿಎಂಡಬ್ಲ್ಯು ಆಯಿತು. ಇಂದು ಕಾರು, ಬೈಕುಗಳಿಗೆ ಹೆಸರಾದ ಕಂಪನಿ ಅದೇ. ಎಂಜಿನ್ನಿಗೆ ಬಿಎಂಡಬ್ಲ್ಯು 3ಎ ಎಂದು ಹೆಸರಿಟ್ಟು 185 ಅಶ್ವಶಕ್ತಿ ಎಂದು ಗುರುತು ಹಾಕಿದರು. ನಿಜವಾಗಿ ಅದರ ತ್ರಾಣ ಅದಕ್ಕಿಂತ ಬಹಳ ಹೆಚ್ಚು. ಅದನ್ನು ಕೂರಿಸಿದ ಫೊಕರ್ ಡಿ-7 ವಿಮಾನಗಳು 1918ರಲ್ಲಿ ಮರ್ಸಿಡಿಸ್ ಎಂಜಿನ್ನಿನ ಅದೇ ವಿಮಾನಗಳನ್ನು ಹಿಂದೆ ಹಾಕಿ ಮೇಲೇರಿದವು. ಯುದ್ಧ ಮುಗಿದ ಮರುವರ್ಷ, 1919ರ ಜೂನ್ 17ರಂದು, ಇದರ ಮುಂದಿನ ಪೀಳಿಗೆಯ ಎಂಜಿನ್ನಿನಿಂದ ಫ್ರಾಂಜ್ ಜೆನೊ ಡೀಮರ್ 9,760 ಮೀಟರ್ ಎತ್ತರ ಮುಟ್ಟಿದ.

ಯುದ್ಧವಿಮಾನದ ಬಲವನ್ನು ತಗ್ಗಿಸಿ ಅದನ್ನು ಬಲಪಡಿಸುವ ಉಪಾಯ ಹೀಗೆ ಬೆಳಕಿಗೆ ಬಂತು. ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಫ್ರಿಟ್ಜ್‌ನ ಲೆಕ್ಕಾಚಾರಕ್ಕಿಂತ ಅವನ ಸಂಯಮ. ನೆಲದ ಮೇಲಿನ ಪರೀಕ್ಷೆಯಲ್ಲಿ ದೊಡ್ಡ ಅಂಕಿ ತೋರಿಸಿ ಅಧಿಕಾರಿಗಳನ್ನು ಮೆಚ್ಚಿಸುವ ಅವಕಾಶ ಅವನಿಗಿತ್ತು. ಎಂಜಿನ್ನು ಎಲ್ಲಿ ಹೋಗಿ ದುಡಿಯಬೇಕೋ ಅಲ್ಲಿಯ ಅಂಕಿಯ ಮೇಲೆ ಅವನು ಕಣ್ಣಿಟ್ಟಿದ್ದ.

ಅದೇ 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಬೇರೆ ದಾರಿ ಹಿಡಿದಿದ್ದ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಈ ಎಂಜಿನಿಯರ್ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು, ಕೊಲೊರಾಡೊ ರಾಜ್ಯದಲ್ಲಿ 4,300 ಮೀಟರ್ ಎತ್ತರವಿರುವ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ ಹತ್ತಿಸಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಅಲ್ಲಿ 230ಕ್ಕೆ ಇಳಿಯಿತು. ಎಂಜಿನ್ನು ಉಗುಳುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಹೊರಗಿನ ತೆಳು ಗಾಳಿಯನ್ನು ಒತ್ತಿ ಒಳಗೆ ತಳ್ಳಿದಾಗ ಅದು 356ಕ್ಕೆ ಏರಿತು. ಇದು ಟರ್ಬೊ ಸೂಪರ್‌ಚಾರ್ಜರ್. ಒಬ್ಬ ಕೆಳಗೆ ಬಿಗಿಹಿಡಿದ, ಇನ್ನೊಬ್ಬ ಮೇಲೆ ಉಣಿಸಿದ. ಎರಡನೆಯ ಮಹಾಯುದ್ಧದಲ್ಲಿ ಗೆದ್ದದ್ದು ಮಾಸ್ ಹಿಡಿದ ಜಾಡು. ಆ ಯುದ್ಧದಲ್ಲಿ ಬೆಂಗಳೂರಿಗೂ ಇಂಥ ಎಂಜಿನ್ನುಗಳ ಪರಿಚಯವಾಯಿತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಹೋಯಿತು. ಅಮೆರಿಕನ್ ವಿಮಾನಗಳನ್ನೂ ಎಂಜಿನ್ನುಗಳನ್ನೂ ಬಿಚ್ಚಿ ರಿಪೇರಿ ಮಾಡಿ ಕಳಿಸುವುದೇ ಅಲ್ಲಿಯ ಕೆಲಸವಾಯಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಕನ್ನಡ, ತಮಿಳು, ತೆಲುಗು ಮಾತಾಡುವ ಸಾವಿರಾರು ಕೆಲಸಗಾರರ ಕೈ ಪಳಗಿದ್ದು ಆಗ. ಮುಂದೆ ಬರುವ ಮಾತಿಗೆ ಇದು ಮುಖ್ಯ.

ಸೂಪರ್‌ಚಾರ್ಜರ್ ಮಾಡುತ್ತಿದ್ದವರಲ್ಲಿ ಜೋಸೆಫ್ ಶಿಡ್ಲೊವ್‌ಸ್ಕಿ ಒಬ್ಬ. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಫ್ರಾನ್ಸಿನಲ್ಲಿ 1938ರಲ್ಲಿ ಆಂದ್ರೆ ಪ್ಲಾನಿಯೋಲ್ ಜೊತೆ ಟರ್ಬೊಮೆಕಾ ಕಂಪನಿ ಕಟ್ಟಿದ. ಇವರ ಸೂಪರ್‌ಚಾರ್ಜರಿನ ಎಂಜಿನ್ನೇ ಫ್ರೆಂಚರ ಹೆಸರಾಂತ ದೆವುವಾತಿನ್ ಡಿ-520 ಯುದ್ಧವಿಮಾನದಲ್ಲಿತ್ತು. ಯುದ್ಧ ಕಾಲದಲ್ಲಿ ಕಾರ್ಖಾನೆ ಪಿರೆನೀಸ್ ಪರ್ವತದ ತಪ್ಪಲಿನ ಬೋರ್ಡ್ ಎಂಬ ಹಳ್ಳಿಗೆ ಬಂತು. ನಾಜಿಗಳು ದೇಶ ಹಿಡಿದಾಗ ಶಿಡ್ಲೊವ್‌ಸ್ಕಿ ಸ್ವಿಟ್ಜರ್‌ಲೆಂಡಿಗೆ ತಪ್ಪಿಸಿಕೊಂಡು ಹೋದ, ಯುದ್ಧ ಮುಗಿದ ಮೇಲೆ ಮರಳಿದ. ಗಾಳಿಯನ್ನು ಒತ್ತುವ ಚಕ್ರ ಮಾಡುವುದು ಅವನಿಗೆ ಕರಗತ. ಆ ಚಕ್ರದ ಹಿಂದೆ ಬೆಂಕಿ ಹೊತ್ತಿಸಿ ಇನ್ನೊಂದು ಚಕ್ರ ತಿರುಗಿಸಿದರೆ ಅದೇ ಒಂದು ಪುಟ್ಟ ಎಂಜಿನ್ನು. 1947ರಲ್ಲಿ ಆರ್ಟೂಸ್ಟ್ ಟರ್ಬೈನ್ ಹುಟ್ಟಿತು. ವಿಮಾನದ ಒಳಗಿನ ಸಣ್ಣಪುಟ್ಟ ಕೆಲಸಗಳಿಗೆ ಶಕ್ತಿ ಒದಗಿಸಲೆಂದು ಮಾಡಿದ ಯಂತ್ರವದು, ಹಾರಿಸಲೆಂದು ಅಲ್ಲ. ಹೆಲಿಕಾಪ್ಟರಿಗೆ ಕೂರಿಸಿದರೆ ಹೇಗೆ ಎಂಬ ಯೋಚನೆ ಆಮೇಲಿನದು. ಕಬ್ಬಿಣದ ಗುಡ್ಡೆಯಂತಿದ್ದ ಪಿಸ್ಟನ್ ಎಂಜಿನ್ನುಗಳ ಎದುರು ಇದರ ತೂಕ ತೀರಾ ಕಡಿಮೆ. 1955ರ ಮಾರ್ಚ್ 12ರಂದು ಜಾನ್ ಬುಲೆ ಎಂಬ ವೈಮಾನಿಕ ಅಲ್ವೆತ್-2 ಹೆಲಿಕಾಪ್ಟರನ್ನು ಮೊದಲ ಸಲ ಹಾರಿಸಿದ. ಮೂರೇ ತಿಂಗಳಿಗೆ ಅದರಲ್ಲಿ 8,209 ಮೀಟರ್ ಏರಿ ದಾಖಲೆ ಬರೆದ.

ಆ ಎತ್ತರದ ಬೆಲೆ ಜಗತ್ತಿಗೆ ತಿಳಿದದ್ದು ಒಂದು ದುರಂತದಿಂದ. 1956ರ ಡಿಸೆಂಬರ್ ಕೊನೆಗೆ ಮಾಂಟ್ ಬ್ಲಾಂಕ್ ಪರ್ವತದಲ್ಲಿ ಇಬ್ಬರು ಎಳೆಯ ಆರೋಹಿಗಳು ಸಿಕ್ಕಿಬಿದ್ದರು. ಅವರನ್ನು ಕರೆತರಲು ಹೋದ ದೊಡ್ಡ ಸಿಕೋರ್ಸ್ಕಿ ಹೆಲಿಕಾಪ್ಟರ್ ಹಿಮದ ಮೇಲೆ ಬಿದ್ದುಹೋಯಿತು. ಈಗ ರಕ್ಷಿಸಲು ಹೋದವರನ್ನೇ ರಕ್ಷಿಸಬೇಕಾಯಿತು. ಕೊನೆಗೆ, ಜನವರಿ ಮೊದಲ ವಾರದಲ್ಲಿ, ಅವರನ್ನು ಕೆಳಗಿಳಿಸಿದ್ದು ಎರಡು ಪುಟ್ಟ ಅಲ್ವೆತ್‌ಗಳು. ಆರೋಹಿಗಳಿಬ್ಬರೂ ಬದುಕಲಿಲ್ಲ. ದೊಡ್ಡ ಯಂತ್ರ ಸೋತಲ್ಲಿ ಸಣ್ಣದು ಗೆದ್ದದ್ದನ್ನು ಪರ್ವತವಿರುವ ದೇಶಗಳೆಲ್ಲ ಗಮನಿಸಿದವು. ಗಮನಿಸಿದವರಲ್ಲಿ ಭಾರತವೂ ಇತ್ತು. ಇದರ ಅಣ್ಣ ಅಲ್ವೆತ್-3 ಹೆಲಿಕಾಪ್ಟರನ್ನು ನಾವೇ ಮಾಡುವ ಒಪ್ಪಂದಕ್ಕೆ 1962ರ ಜೂನ್‌ನಲ್ಲಿ ಸಹಿ ಬಿತ್ತು. ಅದಕ್ಕೆ ಚೇತಕ್ ಎಂದು ಹೆಸರಿಟ್ಟರು. ಬೆಂಗಳೂರಿನಲ್ಲಿ ತಯಾರಾದ ಮೊದಲ ಚೇತಕ್ ಹಾರಿದ್ದು 1965ರ ಜೂನ್‌ನಲ್ಲಿ.

ಅಷ್ಟರಲ್ಲಿ 1962ರ ಅಕ್ಟೋಬರಿನ ಚೀನಾ ಯುದ್ಧ ಬಂದು ಹೋಗಿತ್ತು. ಲಡಾಖಿನ ಠಾಣೆಗಳಿಗೆ ಸಾಮಾನು ಮುಟ್ಟಿಸುವುದು, ಗಾಯಾಳುಗಳನ್ನು ತರುವುದು ಎಷ್ಟು ಕಷ್ಟವೆಂದು ಸೇನೆ ಕಣ್ಣಾರೆ ಕಂಡಿತ್ತು. ಚೇತಕ್ ಒಳ್ಳೆಯ ಯಂತ್ರವೇ, ಆದರೆ ಅದಕ್ಕಿಂತಲೂ ಮೇಲೆ ಹೋಗಿ ಭಾರ ಹೊತ್ತು ಏಳುವಂಥದ್ದು ಬೇಕಿತ್ತು. 1968ರ ಕೊನೆಗೆ ಭಾರತ ಫ್ರೆಂಚರ ಮುಂದೆ ಆ ಬೇಡಿಕೆ ಇಟ್ಟಿತು. ಎಸ್‌ಎ-315 ಎಂಬ ಹೆಲಿಕಾಪ್ಟರ್ ಹುಟ್ಟಿದ್ದು ಅದರಿಂದ. ನಮ್ಮ ಹಿಮಾಲಯ ಕೇಳಿದ್ದಕ್ಕೆ ಫ್ರಾನ್ಸ್ ಕೊಟ್ಟ ಉತ್ತರ ಅದು.

ಉತ್ತರ ಕಂಡುಕೊಂಡ ಬಗೆ ನೋಡಿ. ಹೊಸ ಎಂಜಿನ್ನು ಮಾಡಲಿಲ್ಲ, ಹೊಸ ಮೈಯನ್ನೂ ಕಟ್ಟಲಿಲ್ಲ. ತಮ್ಮ ಅಲ್ವೆತ್-2ರ ಸಣಕಲು ಮೈ, ಅಂದರೆ ಬರೀ ಕೊಳವೆಗಳ ಚೌಕಟ್ಟಿನ ಆ ಬಾಲವನ್ನು ಗಟ್ಟಿಮಾಡಿ ಇಟ್ಟುಕೊಂಡರು. ಅಣ್ಣ ಅಲ್ವೆತ್-3ರ ರೋಟರ್, ಗೇರ್‌ಬಾಕ್ಸ್, ಆರ್ಟೂಸ್ಟ್ 3ಬಿ ಎಂಜಿನ್ನನ್ನು ಅದಕ್ಕೆ ಜೋಡಿಸಿದರು. ಖಾಲಿ ತೂಕ 1,021 ಕಿಲೋ ಮಾತ್ರ. ಎಂಜಿನ್ನು 870 ಅಶ್ವಶಕ್ತಿಯದು, ಆದರೆ ಮಿತಿ 550. ಆ ಮಿತಿ ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನದು. 870 ಅಶ್ವಶಕ್ತಿಯನ್ನೂ ತಾಳಿಕೊಳ್ಳುವ ಗೇರ್‌ಬಾಕ್ಸ್ ಮಾಡಬಹುದಿತ್ತು, ಅದು ಭಾರವಾಗುತ್ತಿತ್ತು. ಆ ಭಾರವನ್ನು ಹೊತ್ತುಕೊಂಡೇ ಮೇಲೇರಬೇಕು, ಮೇಲೆ ಮುಟ್ಟಿದಾಗ ಎಂಜಿನ್ನಿನಿಂದ 870 ಹೇಗೂ ಬರುವುದಿಲ್ಲ. ಆದ್ದರಿಂದ ಗೇರ್‌ಬಾಕ್ಸ್ ಹಗುರವಾಗಿಯೇ ಇರಲಿ, ಎಂಜಿನ್ನು ಮಾತ್ರ ಬೇಕಾದದ್ದಕ್ಕಿಂತ ದೊಡ್ಡದಿರಲಿ.

ಒರಟು ಲೆಕ್ಕ ಹಾಕಿದರೂ ಜಾಣ್ಮೆ ಕಾಣುತ್ತದೆ. 4,000 ಮೀಟರಿನಲ್ಲಿ ಗಾಳಿ ಮೂರರಲ್ಲಿ ಎರಡು ಪಾಲು ಎಂದೆವಲ್ಲ. 870ರ ಮೂರರಲ್ಲಿ ಎರಡು ಪಾಲು 580. ಇನ್ನೂ 550ಕ್ಕಿಂತ ಮೇಲೆಯೇ. ಕಡಲ ದಂಡೆಯಲ್ಲಿ ಎಷ್ಟು ಕಸುವಿತ್ತೋ ಅಲ್ಲಿಯೂ ಅಷ್ಟೇ ಸಿಗುತ್ತದೆ. 550ರದೇ ಎಂಜಿನ್ನು ಕೂರಿಸಿದ್ದರೆ ಅಷ್ಟು ಎತ್ತರದಲ್ಲಿ 367ಕ್ಕೆ ಇಳಿದು ಕೈಚೆಲ್ಲುತ್ತಿತ್ತು. ನಮ್ಮ ಅಡಿಕೆ ತೋಟದವರು ಇದನ್ನು ಬೇಗ ಹಿಡಿಯುತ್ತಾರೆ. ಮೂರು ಎಚ್‌ಪಿ ಸಾಕಾಗುವ ಬಾವಿಗೆ ಐದು ಎಚ್‌ಪಿಯ ಮೋಟರು ಇಟ್ಟು, ಪಂಪು ಮತ್ತು ಪೈಪನ್ನು ಮೂರಕ್ಕೆ ತಕ್ಕಂತೆಯೇ ಬಿಟ್ಟರೆ, ಏಪ್ರಿಲ್ ತಿಂಗಳ ಬಡ ವೋಲ್ಟೇಜಿನಲ್ಲೂ ನೀರು ತೋಟದ ತುದಿಗೆ ಮುಟ್ಟುತ್ತದೆ.

ಮಾಸ್‌ನ ಹಾದಿಯಲ್ಲಿ ಬೆಳೆದ ಶಿಡ್ಲೊವ್‌ಸ್ಕಿಯ ಎಂಜಿನ್ನು ಹೀಗೆ ಫ್ರಿಟ್ಜ್‌ನ ಹಾದಿಗೆ ಬಂದು ಕೂಡಿತು. 1917ರಲ್ಲಿ ಪಿಸ್ಟನ್ನು ತೂತಾಗದಿರಲೆಂದು ಕಸುವು ಬಿಗಿಹಿಡಿದರು. ಇಲ್ಲಿ ಗೇರ್‌ಬಾಕ್ಸ್ ಮುರಿಯದಿರಲೆಂದು. ಕಾರಣ ಬೇರೆ, ಫಲ ಒಂದೇ.

1969ರ ಮಾರ್ಚ್ 17ರಂದು ಎಸ್‌ಎ-315 ಮೊದಲ ಬಾರಿ ಹಾರಿತು. ಅದೇ ವರ್ಷ ಹಿಮಾಲಯಕ್ಕೆ ಬಂದು ಪರೀಕ್ಷೆ ಕೊಟ್ಟಿತು. 7,500 ಮೀಟರ್ ಎತ್ತರದಲ್ಲಿ ಇಳಿದು, ಮತ್ತೆ ಎದ್ದಿತು. ಹೆಲಿಕಾಪ್ಟರೊಂದು ಅಷ್ಟು ಮೇಲೆ ನೆಲ ಮುಟ್ಟಿ ಎದ್ದದ್ದು ಅದೇ ಮೊದಲು. 1972ರ ಜೂನ್ 21ರಂದು ಜಾನ್ ಬುಲೆ ಇದರಲ್ಲೇ 12,442 ಮೀಟರಿಗೆ ಏರಿದ. ಅಲ್ಲಿಯ ಚಳಿಗೆ ಎಂಜಿನ್ನು ಆರಿಹೋಗಿ, ಬರೀ ಗಾಳಿಗೆ ತಿರುಗುವ ಅಲಗುಗಳನ್ನು ನಂಬಿಕೊಂಡು ನೆಲಕ್ಕಿಳಿದ. ಫ್ರಾನ್ಸಿನಲ್ಲಿ ಅದರ ಹೆಸರು ಲಾಮಾ. ಬೆಂಗಳೂರಿನಲ್ಲಿ ಚೀತಾ. ಎಚ್‌ಎಎಲ್‌ನಲ್ಲಿ ಜೋಡಿಸಿದ ಮೊದಲ ಚೀತಾ 1972ರ ಅಕ್ಟೋಬರ್ 6ರಂದು ಹಾರಿತು. ಮುಂದೆ ಎಂಜಿನ್ನನ್ನೂ ಬೆಂಗಳೂರಿನಲ್ಲೇ ಮಾಡತೊಡಗಿದರು. 250ಕ್ಕೂ ಹೆಚ್ಚು ಚೀತಾಗಳು ಅಲ್ಲಿಂದ ಹೊರಬಂದವು.

ಹಾರಿಸುವವರಿಗೆ ಈ ಬಿಗಿ ಹೇಗೆ ಕಾಣುತ್ತದೆ? ಆರ್ಟೂಸ್ಟ್ ಯಾವಾಗಲೂ ಒಂದೇ ವೇಗದಲ್ಲಿ, ನಿಮಿಷಕ್ಕೆ 33,500 ಸುತ್ತು ತಿರುಗುತ್ತದೆ. ವೈಮಾನಿಕರ ಎಡಗೈಯಲ್ಲಿ ಒಂದು ಸನ್ನೆ. ಅದನ್ನು ಮೇಲೆತ್ತಿದರೆ ಅಲಗುಗಳ ಓರೆ ಹೆಚ್ಚಿ ಯಂತ್ರ ಏಳುತ್ತದೆ, ಎಂಜಿನ್ನು ತಾನಾಗಿ ಹೆಚ್ಚು ಇಂಧನ ಎಳೆದುಕೊಳ್ಳುತ್ತದೆ. ತಗ್ಗಿನಲ್ಲಿ ಹಾರುವಾಗ ಓರೆಯ ಮುಳ್ಳು ಗೆರೆ ದಾಟದಂತೆ ನೋಡಿಕೊಳ್ಳಬೇಕು, ದಾಟಿದರೆ ಗೇರ್‌ಬಾಕ್ಸಿಗೆ ಪೆಟ್ಟು. ಎತ್ತರದಲ್ಲಿ ಕಣ್ಣು ಬೇರೆ ಮುಳ್ಳಿನ ಮೇಲೆ, ಟರ್ಬೈನಿನಿಂದ ಹೊರಬರುವ ಅನಿಲದ ಬಿಸಿಯ ಮೇಲೆ. ಉಳಿತಾಯ ಮುಗಿದು ಎಂಜಿನ್ನು ತನ್ನ ಕೊನೆಯ ತ್ರಾಣದಲ್ಲಿದೆ ಎಂದು ಹೇಳುವುದು ಅದು. ಎಲ್ಲಿ ಯಾವ ಮುಳ್ಳನ್ನು ನಂಬಬೇಕೆಂಬ ವಿವೇಕ ಪೂರ್ತಿ ಮನುಷ್ಯನದು.

1978ರ ಅಕ್ಟೋಬರಿನಲ್ಲಿ ಸಿಯಾಚಿನ್ ಮೇಲೆ ಮೊದಲು ಇಳಿದದ್ದು ಚೇತಕ್. 1984ರ ಏಪ್ರಿಲ್ 13ರಂದು ಮೇಘದೂತ ಕಾರ್ಯಾಚರಣೆ ಶುರುವಾದಾಗ ಕುಮಾವ್ ರೆಜಿಮೆಂಟಿನ ಸೈನಿಕರನ್ನು ಬಿಲಾಫಾಂಡ್ ಲಾ ಕಣಿವೆದಾರಿಗೆ ಹೊತ್ತೊಯ್ದದ್ದು ಚೀತಾಗಳು. ಆ ಜಾಗ 5,400 ಮೀಟರಿಗೂ ಮೇಲಿದೆ. ಪೂರ್ತಿ ಭಾರ ಹೊತ್ತಾಗ ಈ ಹೆಲಿಕಾಪ್ಟರು ಏರಬಹುದೆಂದು ತಯಾರಕರು ಹೇಳಿದ ಎತ್ತರವೂ ಅಷ್ಟೇ, 5,400. ಅದರಾಚೆಗೆ ಹೋಗುವುದೆಂದರೆ ಭಾರ ಇಳಿಸಿಕೊಂಡು, ಗಾಳಿಯ ಚಳಿ ನೋಡಿ, ಬೆಳಗಿನ ಹೊತ್ತು ನೋಡಿ ಹೋಗುವುದು. ಅತಿ ಎತ್ತರದ ಠಾಣೆಗೆ ಒಂದು ಸಲಕ್ಕೆ ಮುಟ್ಟುವುದು ಒಂದೆರಡು ಕ್ಯಾನ್ ಸೀಮೆಎಣ್ಣೆಯಷ್ಟೇ ಇರಬಹುದು. ಹಾಗೆ ಒಂದೊಂದು ಕ್ಯಾನಾಗಿ ಒಂದು ಇಡೀ ಸೇನಾನೆಲೆ ದಶಕಗಳ ಕಾಲ ಉಸಿರಾಡಿದೆ. 1999ರ ಕಾರ್ಗಿಲ್ ಯುದ್ಧದಲ್ಲೂ ಗಾಯಾಳುಗಳ ಪಾಲಿಗೆ ಇದೇ ಬಂತು.

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಹಿಮ ಕೊರೆಯುವ ಯಂತ್ರ, ನಾಯಿಗಳು, ಜನ ಎಲ್ಲವೂ ಆ ತೆಳು ಗಾಳಿಯಲ್ಲಿ ಮೇಲೇರಬೇಕಾಯಿತು. ಆರನೆಯ ದಿನ ಹನುಮಂತಪ್ಪ ಜೀವಂತ ಸಿಕ್ಕರು. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ ದೆಹಲಿಗೆ ಕರೆದೊಯ್ದರೂ ಫೆಬ್ರವರಿ 11ರಂದು ತೀರಿಕೊಂಡರು. 19,600 ಅಡಿ ಎಂದರೆ ಸುಮಾರು 5,970 ಮೀಟರ್. ಎಂಜಿನ್ನಿನ ಉಳಿತಾಯವೆಲ್ಲ ಕರಗಿ, ವೈಮಾನಿಕರು ಬಿಸಿಯ ಮುಳ್ಳನ್ನಷ್ಟೇ ನಂಬಬೇಕಾದ ಜಾಗ.

ಹೆಚ್ಚು ಉಳಿತಾಯವಿದ್ದರೆ ಇನ್ನೂ ಮೇಲೆ ಹೋಗಬಹುದೆಂದು ಎಚ್‌ಎಎಲ್ ಚೀತಾದ ಮೈಗೆ ಹೊಸ ಎಂಜಿನ್ನು ಜೋಡಿಸಿ ಚೀತಲ್ ಮಾಡಿತು. 2004ರ ನವೆಂಬರ್ 2ರಂದು ಅದು ಪೂರ್ವ ಕಾರಾಕೋರಂನ ಸಸೇರ್ ಕಾಂಗ್ರಿಯಲ್ಲಿ, 25,150 ಅಡಿ ಎತ್ತರಕ್ಕೆ ಸಮನಾದ ತೆಳು ಗಾಳಿಯಲ್ಲಿ ಇಳಿಯಿತು. ಆದರೆ ಚೌಕಟ್ಟು ಹಳೆಯದೇ. ಎಂಜಿನ್ನಿಗೆ ಎಷ್ಟು ಉಳಿತಾಯವಿದ್ದರೂ ಐವತ್ತು ವರ್ಷದ ವಿನ್ಯಾಸಕ್ಕೆ ಪ್ರಾಯ ಮರಳಿ ಬರುವುದಿಲ್ಲ. ಚೀತಾಗಳು ಬಿದ್ದು ಯುವ ಅಧಿಕಾರಿಗಳು ತೀರಿಕೊಂಡ ಸುದ್ದಿ ಮತ್ತೆ ಮತ್ತೆ ಬಂದಾಗ, ಇವುಗಳನ್ನು ಇನ್ನು ನಿಲ್ಲಿಸಿ ಎಂದು ಸೇನಾಧಿಕಾರಿಗಳ ಪತ್ನಿಯರು ಸರ್ಕಾರಕ್ಕೆ ಮನವಿ ಕೊಟ್ಟರು. ಅವರ ಮಾತು ನ್ಯಾಯವಾದದ್ದು.

ಬದಲಿಗೆ ಬರಬೇಕಾದದ್ದು ಎಚ್‌ಎಎಲ್‌ನ ಹೊಸ ಹಗುರ ಹೆಲಿಕಾಪ್ಟರ್, ಎಲ್‌ಯುಎಚ್. 2020ರಲ್ಲಿ ಲಡಾಖಿನ ಬೇಸಿಗೆಯ ಬಿಸಿಲಿನಲ್ಲಿ ಲೇಹ್‌ನಿಂದ ಎದ್ದು, 5,000 ಮೀಟರಿನ ದೌಲತ್ ಬೇಗ್ ಓಲ್ಡಿಯಲ್ಲಿಯೂ 5,500 ಮೀಟರಿನ ಮುಂಚೂಣಿ ಹೆಲಿಪ್ಯಾಡಿನಲ್ಲಿಯೂ ಅದು ಪರೀಕ್ಷೆ ಕೊಟ್ಟಿತು. ಬಿಸಿ ಗಾಳಿ ತಣ್ಣಗಿನದಕ್ಕಿಂತ ತೆಳು, ಆದ್ದರಿಂದ ಬೇಸಿಗೆಯ ಪರೀಕ್ಷೆಯೇ ನಿಜವಾದ ಪರೀಕ್ಷೆ. ಇದರ ಎಂಜಿನ್ನು ಅದೇ ಟರ್ಬೊಮೆಕಾ ಮನೆತನದ್ದು. ಕಸುವು ಎಲ್ಲಿ ಬಿಗಿಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಈಗ ಎಲೆಕ್ಟ್ರಾನಿಕ್ ನಿಯಂತ್ರಕ ನೋಡಿಕೊಳ್ಳುತ್ತದೆ, ವೈಮಾನಿಕರ ಕಣ್ಣು ಹೊರಗಿನ ಹಿಮದ ಮೇಲಿರಬಹುದು. ವಿಮಾನದ ಕೆಲಸ ಹೀಗೆ ಕಬ್ಬಿಣದಿಂದ ಎಲೆಕ್ಟ್ರಾನಿಕ್ಸಿನ ಕಡೆಗೆ ಸರಿದದ್ದರಿಂದಲೇ ಎಚ್‌ಎಎಲ್ ನಮ್ಮ ಜಿಲ್ಲೆಗೂ ಬಂತು. ಕುಂಬಳೆಯಿಂದ ಒಳಗೆ, ಸೀತಾಂಗೋಳಿಯಲ್ಲಿ, ವಿಮಾನಗಳ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಕಾರ್ಖಾನೆ 2012ರಲ್ಲಿ ಉದ್ಘಾಟನೆಯಾಯಿತು. ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳಿಗೆ ಈ ನೂರು ವರ್ಷದ ಕತೆಯನ್ನು ಲೆಕ್ಕದ ಸಮೇತ ಹೇಳಿಕೊಡುವುದು ಅಲ್ಲಿಗೆ ಕೆಲಸಕ್ಕೆ ಕಳಿಸುವಷ್ಟೇ ಮುಖ್ಯವೆಂದು ನಾನು ನಂಬಿದ್ದೇನೆ.

ಎಲ್‌ಯುಎಚ್ ಮಾಡಲೆಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆಯನ್ನು 2023ರ ಫೆಬ್ರವರಿ 6ರಂದು ಪ್ರಧಾನಿ ಉದ್ಘಾಟಿಸಿದರು. ಸೇನೆಗೂ ವಾಯುಪಡೆಗೂ ಸೇರಿ 187 ಬೇಕೆಂಬುದು ಯೋಜನೆ. ಗುಬ್ಬಿಯಿಂದ ಅವು ಲೇಹ್‌ಗೆ ಬೇಗ ಹೋಗಿ ಮುಟ್ಟಬೇಕು. ಅಲ್ಲಿಯ ವೈಮಾನಿಕರು ಕಾದದ್ದು ಸಾಕು.